ಸ್ಪೀಕರ್ ಹೆಚ್ಚಿದರೆ ಸಂಗೀತ ಹೆಚ್ಚೀತೆ?

ಒಂದೇ ಗೀತಸಂಪುಟ ಎರಡು ರೂಪಗಳಲ್ಲಿ ದೊರೆಯುವುದು ಈಗ ಹೊಸ ಸಂಗತಿಯಲ್ಲ. ಎರಡು ಸ್ಪೀಕರ್‌ಗಳಿಗಾಗಿ ಸಿದ್ಧಪಡಿಸಿದ ಸ್ಟೀರಿಯೊ ಒಂದು. ಕೇಳುಗನನ್ನು ಸುತ್ತುವರಿಯುವ ಸರೌಂಡ್ ಇನ್ನೊಂದು. ಎರಡನೆಯದೇ ಶ್ರೇಷ್ಠ ಎಂಬ ನಂಬಿಕೆ ಹೋಮ್ ಥಿಯೇಟರ್‌ಗಳು ನಗರದ ಮನೆಗಳಿಗೆ ಕಾಲಿಟ್ಟ ದಿನಗಳಿಂದಲೂ ಬೇರೂರಿದೆ. ಆದರೆ ಧ್ವನಿಯ ಗುಣಮಟ್ಟವನ್ನು ನಿರ್ಧರಿಸುವುದು ಸ್ಪೀಕರ್‌ಗಳ ಸಂಖ್ಯೆಯಲ್ಲ. ಮೂಲ ಮುದ್ರಣದಲ್ಲಿ ಏನು ದಾಖಲಾಗಿತ್ತು, ಅದನ್ನು ಕೇಳುಗನ ಸುತ್ತ ಎಲ್ಲಿ ಇರಿಸಲಾಗಿದೆ ಎಂಬ ಎರಡು ಸಂಗತಿಗಳ ಮೇಲೆ ಅದು ನಿಂತಿದೆ.

ಎರಡು ಕಿವಿಗಳ ಲೆಕ್ಕಾಚಾರ

ಬಲಬದಿಯಿಂದ ಬಂದ ಸದ್ದು ಬಲಗಿವಿಗೆ ಮೊದಲು ತಲುಪಿ, ಎಡಗಿವಿಗೆ ಸ್ವಲ್ಪ ತಡವಾಗಿ ಮುಟ್ಟುತ್ತದೆ. ಈ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ಗ್ರಹಿಸಿ ಸದ್ದಿನ ದಿಕ್ಕನ್ನು ಗುರುತಿಸುತ್ತದೆ. ಇದನ್ನು ಆಧರಿಸಿ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲುಮ್ಲೈನ್ 1931ರಲ್ಲಿ ಸ್ಟೀರಿಯೊ ವಿಧಾನದ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಸ್ಟೀರಿಯೊ ಧ್ವನಿಮುದ್ರಿಕೆಗಳು ಮಾರುಕಟ್ಟೆಗೆ ವ್ಯಾಪಕವಾಗಿ ಬಂದದ್ದು 1958ರ ಸುಮಾರಿಗೆ.

ಎರಡೂ ಸ್ಪೀಕರ್‌ಗಳಿಂದ ಗಾಯಕನ ಧ್ವನಿ ಸಮನಾಗಿ ಬಂದರೆ ಆತ ನಟ್ಟನಡುವೆ ನಿಂತು ಹಾಡಿದಂತೆ ಭಾಸವಾಗುತ್ತದೆ. ಆದರೆ ಈ ಭಾಸ ಎರಡಕ್ಕೂ ಸಮದೂರದಲ್ಲಿ ಕುಳಿತವನಿಗೆ ಮಾತ್ರ. ಸೋಫಾದ ಎಡತುದಿಯಲ್ಲಿ ಕುಳಿತವನಿಗೆ ಗಾಯಕನೂ ಎಡಕ್ಕೆ ಸರಿಯುತ್ತಾನೆ. ಮನೆಮಂದಿಯೆಲ್ಲ ಕೂಡಿ ಕೇಳುವಾಗ ಸ್ಟೀರಿಯೊದ ದೊಡ್ಡ ಕೊರತೆ ಇದೇ.

ಸರೌಂಡ್ ವ್ಯವಸ್ಥೆಯಲ್ಲಿ ನಡುವೆಯೇ ಒಂದು ಸ್ಪೀಕರ್ ಇರುವುದರಿಂದ ಗಾಯಕನ ಧ್ವನಿಯನ್ನು ಅಲ್ಲಿ ನೆಲೆಗೊಳಿಸಬಹುದು. 5.1 ಎಂದರೆ ಮುಂದೆ ಮೂರು, ಪಕ್ಕಕ್ಕೆ ಎರಡು, ಜೊತೆಗೆ ಮಂದ್ರ ಸದ್ದಿಗೆ ಮೀಸಲಾದ ಒಂದು ಚಾನೆಲ್. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪಕ್ಕದ ಸ್ಪೀಕರ್‌ಗಳು ಕೇಳುಗನ ನೇರ ಮುಂದಿನಿಂದ 100ರಿಂದ 120 ಡಿಗ್ರಿ ಕೋನದಲ್ಲಿರಬೇಕು. ಅಂದರೆ ಕಿವಿಯಿಂದ ತುಸುವೇ ಹಿಂದೆ. ಬೆನ್ನ ಹಿಂದಿನ ಗೋಡೆಯ ಮೂಲೆಗಳಲ್ಲಿ ಅವುಗಳನ್ನು ತೂಗುಹಾಕಿದರೆ ಮಿಶ್ರಣಕಾರ ಉದ್ದೇಶಿಸಿದ ಚಿತ್ರ ಅಲ್ಲಿಯೇ ಕೆಡುತ್ತದೆ.

ಅಂಕಿಗಳು ಹೇಳುವುದೇನು?

1982ರಲ್ಲಿ ಬಂದ ಸಿ.ಡಿ.ಯಲ್ಲಿ ಎರಡು ಚಾನೆಲ್‌ಗಳಿಗೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಹರಿಯುತ್ತದೆ. ಸಾಮಾನ್ಯ ಡಿ.ವಿ.ಡಿ.ಯ ಡಾಲ್ಬಿ ಡಿಜಿಟಲ್ 5.1ರಲ್ಲಿ ಆರೂ ಚಾನೆಲ್‌ಗಳಿಗೆ ಸೇರಿ ದೊರೆಯುವುದು ಹೆಚ್ಚಾಗಿ 384 ಅಥವಾ 448 ಕಿಲೋಬಿಟ್ ಮಾತ್ರ. ಕಿವಿಗೆ ಕೇಳಿಸದೆಂದು ಲೆಕ್ಕಹಾಕಿದ ಅಂಶಗಳನ್ನು ತೆಗೆದುಹಾಕಿ ಈ ಉಳಿತಾಯ ಸಾಧಿಸಲಾಗುತ್ತದೆ. ಆದ್ದರಿಂದ ಮಾಹಿತಿ ಇಷ್ಟು ಕಡಿಮೆಯಾದ ಮಾತ್ರಕ್ಕೆ ಧ್ವನಿ ಅಷ್ಟೇ ಕೆಟ್ಟಿತು ಎನ್ನಲಾಗದು. ಆದರೆ ತಂಬೂರಿಯ ಝೇಂಕಾರ, ತಾಳದ ಕೊನೆಯ ಕಂಪನ ಮೊದಲಾದ ಸೂಕ್ಷ್ಮಗಳು ಮೊದಲು ಮಸುಕಾಗುವುದು ಇಂತಲ್ಲಿಯೇ.

ಇದಕ್ಕೆ ಪರಿಹಾರವೆಂಬಂತೆ 1999ರಲ್ಲಿ ಸೂಪರ್ ಆಡಿಯೊ ಸಿ.ಡಿ., 2000ದಲ್ಲಿ ಡಿ.ವಿ.ಡಿ. ಆಡಿಯೊ ಬಂದವು. ಸಂಗೀತವನ್ನು ಬಹುವಾಹಿನಿಯಲ್ಲಿ ಹೆಚ್ಚಿನ ನಿಷ್ಠೆಯಿಂದ ಒದಗಿಸುವ ಸಾಮರ್ಥ್ಯ ಎರಡಕ್ಕೂ ಇತ್ತು. ಜನಪ್ರಿಯತೆ ಮಾತ್ರ ದಕ್ಕಲಿಲ್ಲ. 2021ರಲ್ಲಿ ಆಪಲ್ ಮ್ಯೂಸಿಕ್ ಡಾಲ್ಬಿ ಅಟ್ಮಾಸ್ ರೂಪವನ್ನು ಚಂದಾದಾರರಿಗೆ ತಲುಪಿಸತೊಡಗಿದಾಗಲೂ ಹಳೆಯ ವೈರುಧ್ಯ ಮರುಕಳಿಸಿತು. ಅಲ್ಲಿ ಸ್ಟೀರಿಯೊ ಆವೃತ್ತಿ ಯಾವ ನಷ್ಟವೂ ಇಲ್ಲದೆ ದೊರೆಯುತ್ತದೆ. ಅಟ್ಮಾಸ್ ಆವೃತ್ತಿ ಸಂಕುಚಿತ ರೂಪದಲ್ಲಿ ಬರುತ್ತದೆ.

ಹೆಸರು ಒಂದು, ಬಗೆ ಮೂರು

ಸರೌಂಡ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ. ಮೊದಲನೆಯದು, ಪ್ರತಿಯೊಂದು ವಾದ್ಯವನ್ನೂ ಪ್ರತ್ಯೇಕವಾಗಿ ದಾಖಲಿಸಿದ ಮೂಲ ಟೇಪುಗಳಿಂದ ಹೊಸದಾಗಿ ಮಿಶ್ರಣ ಮಾಡಿದ್ದು. ಪಿಂಕ್ ಫ್ಲಾಯ್ಡ್ ತಂಡದ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಸಂಪುಟದ 2003ರ 5.1 ಆವೃತ್ತಿ ಇದಕ್ಕೆ ನಿದರ್ಶನ.

ಎರಡನೆಯದು, ಹಳೆಯ ಕಂಠಕ್ಕೆ ಹೊಸ ವಾದ್ಯವೃಂದವನ್ನು ಜೋಡಿಸಿದ್ದು. 1960ರ 'ಮೊಘಲ್-ಎ-ಆಜಂ' 2004ರಲ್ಲಿ ವರ್ಣದಲ್ಲಿ ಮರಳಿದಾಗ ಗಾಯಕರ ಮೂಲ ಧ್ವನಿಯನ್ನು ಉಳಿಸಿಕೊಂಡು ವಾದ್ಯಸಂಗೀತವನ್ನು ಮತ್ತೆ ನುಡಿಸಲಾಯಿತು. ಕೇಳಲು ಅದು ಭವ್ಯವಾಗಿರಬಹುದು. ಆದರೆ ಅದು ಹಳೆಯ ಮುದ್ರಣದ ಸುಧಾರಿತ ರೂಪವಲ್ಲ. ಭಾಗಶಃ ಹೊಸ ಮುದ್ರಣ.

ಮೂರನೆಯದು, ಮೊನೊ ಅಥವಾ ಸ್ಟೀರಿಯೊ ಮುದ್ರಣವನ್ನೇ ಯಂತ್ರದ ನೆರವಿನಿಂದ ಐದಾರು ಸ್ಪೀಕರ್‌ಗಳಿಗೆ ಹಿಗ್ಗಿಸಿದ್ದು. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ ಧ್ವನಿಮುದ್ರಿಕೆಗಳು ಬದಿಯೊಂದಕ್ಕೆ ಮೂರು ನಿಮಿಷದಷ್ಟು ಮಾತ್ರ ಹಿಡಿಯುತ್ತಿದ್ದ ಮೊನೊ ತಟ್ಟೆಗಳು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರ ಬಾಲ್ಯದ ಗಾಯನವೂ ಅಂಥ ತಟ್ಟೆಗಳಲ್ಲಿಯೇ ಉಳಿದಿದೆ. ಕಂಠ, ತಬಲಾ, ಹಾರ್ಮೋನಿಯಂ ಎಲ್ಲವೂ ಅಲ್ಲಿ ಒಂದೇ ಗೀರಿನಲ್ಲಿ ಬೆರೆತಿವೆ. ಗಾಯಕನ ಎಡಕ್ಕೆ ಯಾರಿದ್ದರು, ಬಲಕ್ಕೆ ಯಾರಿದ್ದರು ಎಂಬ ಮಾಹಿತಿಯೇ ಅದರಲ್ಲಿಲ್ಲ. ಇಲ್ಲದ್ದನ್ನು ಯಂತ್ರ ಹೊರತೆಗೆಯಲಾರದು, ಕಲ್ಪಿಸಬಲ್ಲದು ಅಷ್ಟೆ. ಬೆರೆತ ಧ್ವನಿಗಳನ್ನು ಬೇರ್ಪಡಿಸುವ ಕೃತಕ ಬುದ್ಧಿಮತ್ತೆಯ ತಂತ್ರಗಳು ಈಚೆಗೆ ಬಹಳ ಮುಂದುವರಿದಿದ್ದು, ಬೀಟಲ್ಸ್ ತಂಡದ 'ರಿವಾಲ್ವರ್' 2022ರಲ್ಲಿ ಹೊಸ ಮಿಶ್ರಣ ಕಂಡದ್ದು ಇಂಥ ತಂತ್ರದಿಂದಲೇ. ಆದರೂ ಆ ಬೇರ್ಪಡಿಕೆ ಒಂದು ಅಂದಾಜು ಎಂಬುದನ್ನು ಮರೆಯುವಂತಿಲ್ಲ.

ಹಿಮ್ಮೇಳ ಯಾರ ಹಿಂದೆ?

ಯಾವ ಧ್ವನಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಬೈಲಹೊಂಗಲ, ಸವದತ್ತಿ, ಚಚಡಿ ಸೀಮೆಯ ಕಲೆಗಳೇ ಉತ್ತಮ ಉದಾಹರಣೆ. ಬೈಲಹೊಂಗಲದ ಕಥೆಯನ್ನೇ ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟದಲ್ಲಿ ಹಿಮ್ಮೇಳದವರು ಪಾತ್ರಧಾರಿಯ ಹಿಂದೆ ನಿಂತು ಹಾಡನ್ನು ಎತ್ತಿಕೊಳ್ಳುತ್ತಾರೆ. ಅದನ್ನು ಸರೌಂಡ್‌ಗೆ ಅಳವಡಿಸುವಾಗ ಹಿಮ್ಮೇಳವನ್ನು ಹಿಂದಿನ ಸ್ಪೀಕರ್‌ಗಳಿಗೆ ತಳ್ಳಿದರೆ ಕೇಳುಗನಿಗೆ ರೋಮಾಂಚನವಾದೀತು. ಆದರೆ ಆಟದ ಕಟ್ಟು ಮುರಿಯುತ್ತದೆ. ಹಿಮ್ಮೇಳ ಇರುವುದು ಪಾತ್ರಧಾರಿಯ ಹಿಂದೆಯೇ ಹೊರತು ಪ್ರೇಕ್ಷಕನ ಬೆನ್ನಿಗಲ್ಲ. ಪ್ರೇಕ್ಷಕನ ಬೆನ್ನಿಗಿರುವುದು ಬಯಲು, ಜನರ ಗದ್ದಲ, ನಗೆ, ಉದ್ಗಾರ. ಹಿಂದಿನ ಸ್ಪೀಕರ್‌ಗಳಿಗೆ ಸಲ್ಲಬೇಕಾದದ್ದು ಅದೇ.

ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆಯ ಸಂಗತಿ ಬೇರೆ. ಚೌಡಿಕೆಯ ನಾದ, 'ಉಧೋ ಉಧೋ' ಎಂಬ ಘೋಷ ಭಕ್ತರನ್ನು ಎಲ್ಲ ದಿಕ್ಕಿನಿಂದಲೂ ಆವರಿಸುತ್ತವೆ. ಮೆರವಣಿಗೆಯಲ್ಲಿ ಕರಡಿ ಮಜಲಿನ ನಡುವೆ ಸಿಕ್ಕವನ ಅನುಭವವೂ ಅಂಥದೇ. ಇವುಗಳನ್ನು ಎರಡು ಸ್ಪೀಕರ್‌ಗಳಿಗೆ ಇಳಿಸಿದರೆ ಏನೋ ಒಂದು ನಷ್ಟವಾಗಿಯೇ ತೀರುತ್ತದೆ. ಸರೌಂಡ್ ಇಲ್ಲಿ ಅಲಂಕಾರವಲ್ಲ, ಅಗತ್ಯ. ತಂಬೂರಿಯೊಡನೆ ಕುಳಿತು ಹಾಡುವ ಖ್ಯಾಲ್ ಗಾಯಕನಿಗಾದರೋ ಸಮರ್ಥ ಸ್ಟೀರಿಯೊ ಸಾಕು. ಪಕ್ಕದ ಸ್ಪೀಕರ್‌ಗಳಲ್ಲಿ ಸಭಾಂಗಣದ ಅನುರಣನ ಮಾತ್ರ ಇರುವುದು ಲೇಸು.

ಮನೆಯಲ್ಲಿಯೇ ಪರೀಕ್ಷೆ

ಎರಡು ಆವೃತ್ತಿಗಳನ್ನು ಹೋಲಿಸುವವರು ಮೊದಲು ಧ್ವನಿಯ ಮಟ್ಟವನ್ನು ಸಮಗೊಳಿಸಬೇಕು. ತುಸು ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಮನಸ್ಸು ತೀರ್ಪು ಕೊಡುತ್ತದೆ. ಗಾಯಕನ ಕಂಠ ಎರಡರಲ್ಲೂ ಒಂದೇ ಎತ್ತರದಲ್ಲಿರುವಂತೆ ಹೊಂದಿಸಿ, ಒಂದೇ ನಿಮಿಷದ ಭಾಗವನ್ನು ಬದಲಿಸಿ ಬದಲಿಸಿ ಕೇಳಬೇಕು. ಉಪಕರಣದಲ್ಲಿರುವ 'ಹಾಲ್', 'ಸ್ಟೇಡಿಯಂ' ಮುಂತಾದ ಕೃತಕ ಪರಿಣಾಮಗಳು ಸ್ಥಗಿತವಾಗಿರಲಿ. ಯಾವುದು ಯಾವ ಆವೃತ್ತಿ ಎಂದು ತಿಳಿಯದಂತೆ ಬೇರೊಬ್ಬರು ಬದಲಿಸಿದರೆ ಇನ್ನೂ ಒಳಿತು. ಸಾಹಿತ್ಯ ಸ್ಪಷ್ಟವಾಗಿದೆಯೆ, ತಬಲಾದ ಎಡದ ಗುಮುಕು ಬಿಡಿಯಾಗಿ ಕೇಳುತ್ತದೆಯೆ, ಗಾಯಕ ಒಂದೆಡೆ ನಿಲ್ಲುತ್ತಾನೆಯೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ಸೀಮಿತ ಹಣದಲ್ಲಿ ಆರು ಅಗ್ಗದ ಸ್ಪೀಕರ್‌ಗಳಿಗಿಂತ ಎರಡು ಉತ್ತಮ ಸ್ಪೀಕರ್‌ಗಳು ಸಂಗೀತಕ್ಕೆ ಹೆಚ್ಚು ನ್ಯಾಯ ಒದಗಿಸುತ್ತವೆ.

ಹೋಲಿಕೆಯ ಹಿಂದೆ ಮನರಂಜನೆಗಿಂತ ಮಿಗಿಲಾದ ಹೊಣೆಯೂ ಇದೆ. ಹಿಗ್ಗಿಸಿದ ಆವೃತ್ತಿಯೊಂದೇ ಚಲಾವಣೆಯಲ್ಲಿ ಉಳಿದು ಮೂಲ ಮೊನೊ ಮರೆಯಾದರೆ, ಮುಂದಿನ ಪೀಳಿಗೆ ಹಳೆಯ ಗಾಯಕರನ್ನು ಅವರೆಂದೂ ಹಾಡದ ಸಭಾಂಗಣದಲ್ಲಿ ಕೇಳಬೇಕಾಗುತ್ತದೆ. ಹೊಸ ರೂಪ ಬರಲಿ, ಮೂಲವೂ ಅದರ ಪಕ್ಕದಲ್ಲಿ ದೊರೆಯಲಿ. ಹಾಗೆಯೇ ಇಂದು ಸಣ್ಣಾಟ, ಚೌಡಿಕೆ ಪದಗಳನ್ನು ದಾಖಲಿಸುವವರು ಒಂದೇ ಮೈಕಿನಲ್ಲಿ ಎಲ್ಲವನ್ನೂ ತುಂಬದೆ, ಪಾತ್ರಧಾರಿಗೆ, ಹಿಮ್ಮೇಳಕ್ಕೆ, ವಾದ್ಯಗಳಿಗೆ, ಜನ ಕುಳಿತ ಬಯಲಿಗೆ ಬೇರೆ ಬೇರೆ ಮೈಕುಗಳನ್ನಿಟ್ಟು ಪ್ರತ್ಯೇಕ ಕಡತಗಳನ್ನು ಕಾಪಾಡಬೇಕು. ಅವುಗಳಿಂದ ಸ್ಟೀರಿಯೊವನ್ನೂ ಸರೌಂಡನ್ನೂ ಎಂದಾದರೂ ಸಿದ್ಧಪಡಿಸಬಹುದು. ದಾಖಲಿಸದೆ ಬಿಟ್ಟದ್ದನ್ನು ಮಾತ್ರ ಯಾವ ಸ್ಪೀಕರೂ ಮರಳಿಸಲಾರದು.