ಕ್ಯಾಮೆರಾ ಕಂಡದ್ದು ಡಿಸ್ಕಿನಲ್ಲಿ ಉಳಿದಿದೆಯೇ?

ಆಯುಧಪೂಜೆಯ ದಿನ ತಕ್ಕಡಿ, ಲೆಕ್ಕದ ಪುಸ್ತಕ, ಯಂತ್ರಗಳ ಜೊತೆಗೆ ಈಗ ಬಾಗಿಲ ಮೇಲಿನ ಭದ್ರತಾ ಕ್ಯಾಮೆರಾಕ್ಕೂ ಕುಂಕುಮದ ಬೊಟ್ಟು ಸಲ್ಲುತ್ತಿದೆ. (ಬೊಟ್ಟು ಮಸೂರದ ಮೇಲೆ ಬೀಳದಂತೆ ನೋಡಿಕೊಂಡರೆ ಸಾಕು.) ವರ್ತಕರ ಮನೆ, ಮಳಿಗೆ, ಗೋದಾಮುಗಳಲ್ಲಿ ಈ ಉಪಕರಣ ಬೀಗದಷ್ಟೇ ಸಾಮಾನ್ಯವಾಗಿದೆ. ಆದರೆ ಕ್ಯಾಮೆರಾ ಕಂಡದ್ದನ್ನು ಉಳಿಸಿಕೊಳ್ಳಬೇಕಾದ ರೆಕಾರ್ಡರ್ ಪೆಟ್ಟಿಗೆ ಮಾತ್ರ ಅಟ್ಟದ ಮೇಲೋ ಬೀರುವಿನೊಳಗೋ ಧೂಳು ತುಂಬಿಕೊಂಡು ಕುಳಿತಿರುತ್ತದೆ. ಅಳವಡಿಸಿದ ದಿನದ ನಂತರ ಅದರತ್ತ ಕಣ್ಣು ಹಾಯಿಸಿದವರು ವಿರಳ.

ಇದರ ಪರಿಣಾಮ ತಿಳಿಯುವುದು ಕಳವು ನಡೆದ ಮರುದಿನ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡದಲ್ಲಿ ನಾಲ್ಕು ಕ್ಯಾಮೆರಾಗಳಿವೆ, ಟಿ.ವಿ. ಪರದೆಯಲ್ಲೂ ಮೊಬೈಲಿನಲ್ಲೂ ನಾಲ್ಕೂ ಚಿತ್ರಗಳು ಸ್ಪಷ್ಟವಾಗಿ ಕಾಣುತ್ತಿವೆ. ಪೊಲೀಸರು ಹಿಂದಿನ ರಾತ್ರಿಯ ದೃಶ್ಯಾವಳಿಯನ್ನು ಕೇಳುತ್ತಾರೆ. ಹುಡುಕಿದಾಗ, ರೆಕಾರ್ಡಿಂಗ್ ಎರಡು ಮೂರು ತಿಂಗಳ ಹಿಂದೆಯೇ ನಿಂತುಹೋಗಿದೆಯೆಂಬುದು ಗೊತ್ತಾಗುತ್ತದೆ. ಇಂತಹ ಪ್ರಸಂಗಗಳು ಈ ಉಪಕರಣಗಳನ್ನು ದುರಸ್ತಿ ಮಾಡುವವರಿಗೆ ಹೊಸತಲ್ಲ.

ಕಾರಣ ಸರಳ. ಪರದೆಯ ಮೇಲೆ ಕಾಣುವ ನೇರ ಚಿತ್ರ ಡಿಸ್ಕಿನಿಂದ ಬರುವುದಿಲ್ಲ. ಕ್ಯಾಮೆರಾದಿಂದ ಬಂದ ಚಿತ್ರ ರೆಕಾರ್ಡರಿನೊಳಗೆ ಎರಡು ದಾರಿ ಹಿಡಿಯುತ್ತದೆ: ಒಂದು ಪರದೆಗೆ, ಇನ್ನೊಂದು ಡಿಸ್ಕಿಗೆ. ಎರಡನೆಯ ದಾರಿ ಪೂರ್ಣವಾಗಿ ಮುಚ್ಚಿಹೋದರೂ ಮೊದಲನೆಯದಕ್ಕೆ ಯಾವ ಬಾಧೆಯೂ ಇಲ್ಲ. ಡಿಸ್ಕು ಕೆಟ್ಟರೆ ಎಚ್ಚರಿಸಲು ಬಹುತೇಕ ರೆಕಾರ್ಡರುಗಳಲ್ಲಿ ಒಂದು ಬಜರ್ ಇರುತ್ತದೆ, ನಿಜ. ಆದರೆ ಆ ಕೀರಲು ಸದ್ದು ಮನೆಮಂದಿಯ ನಿದ್ರೆ ಕೆಡಿಸುತ್ತದೆಂದು ಅದನ್ನು ಆಫ್ ಮಾಡಿಸುವುದೇ ರೂಢಿ. ಹೀಗೆ ಕಾವಲುಗಾರನ ಬಾಯಿ ಕಟ್ಟಿದ ಮೇಲೆ ಆತ ಕೂಗಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಟಿಬಿಯ ಲೆಕ್ಕವಲ್ಲ, ದಿನಗಳ ಲೆಕ್ಕ

ಕ್ಯಾಮೆರಾ ಅಳವಡಿಸುವವರು ಕೊಡುವ ದರಪಟ್ಟಿಯಲ್ಲಿ ಡಿಸ್ಕಿನ ಸಾಮರ್ಥ್ಯವನ್ನು 500 ಜಿಬಿ ಅಥವಾ 1 ಟಿಬಿ ಎಂದು ನಮೂದಿಸಿರುತ್ತಾರೆ. ಕೊಳ್ಳುವವರಿಗೆ ಬೇಕಾದದ್ದು ಈ ಅಂಕಿಯಲ್ಲ. ಎಷ್ಟು ದಿನಗಳ ದೃಶ್ಯಾವಳಿ ಉಳಿಯುತ್ತದೆ ಎಂಬ ಮಾಹಿತಿ. ಅದನ್ನು ಯಾರಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು.

ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ದತ್ತಾಂಶ ಕಳುಹಿಸುತ್ತಿದೆ ಎಂದಿಟ್ಟುಕೊಳ್ಳೋಣ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ ಸೆಕೆಂಡಿಗೆ ಅರ್ಧ ಮೆಗಾಬೈಟ್. ದಿನಕ್ಕೆ 86,400 ಸೆಕೆಂಡುಗಳು, ಅಂದರೆ 43,200 ಮೆಗಾಬೈಟ್ ಅಥವಾ ಸುಮಾರು 43 ಜಿಬಿ. ನಾಲ್ಕು ಕ್ಯಾಮೆರಾಗಳಿಗೆ ದಿನಕ್ಕೆ 173 ಜಿಬಿ ಬೇಕು. 1 ಟಿಬಿ ಡಿಸ್ಕು ಹೀಗೆ ಪೂರ್ತಿ ಆರು ದಿನವೂ ಬಾರದು. ವಾರಾಂತ್ಯಕ್ಕೆ ಊರಿಗೆ ಹೋಗಿ ಹತ್ತನೆಯ ದಿನ ಬಂದವರು ಮೊದಲ ದಿನದ ದೃಶ್ಯವನ್ನು ಹುಡುಕಿದರೆ ಸಿಗುವುದಿಲ್ಲ. ಇದು ಯಂತ್ರದ ದೋಷವಲ್ಲ. ಡಿಸ್ಕು ತುಂಬಿದೊಡನೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದೇ ಅದರ ಕ್ರಮ. ಈ ಕ್ರಮಕ್ಕೆ ಮೆನುವಿನಲ್ಲಿ ‘ಓವರ್‌ರೈಟ್’ ಎಂಬ ಆಯ್ಕೆ ಇರುತ್ತದೆ. ಅದು ಆಫ್ ಆಗಿದ್ದರೆ ಇದಕ್ಕಿಂತ ಕೆಟ್ಟದ್ದು ಸಂಭವಿಸುತ್ತದೆ: ಡಿಸ್ಕು ತುಂಬಿದ ಕ್ಷಣದಿಂದ ರೆಕಾರ್ಡಿಂಗ್ ನಿಂತೇಹೋಗುತ್ತದೆ.

2013ರಲ್ಲಿ ಬಂದ ಎಚ್.265 ಎಂಬ ಸಂಕೋಚನ ವಿಧಾನ ಹಳೆಯ ಎಚ್.264ಕ್ಕೆ ಹೋಲಿಸಿದರೆ ಸರಿಸುಮಾರು ಅರ್ಧದಷ್ಟು ಜಾಗದಲ್ಲಿ ಅದೇ ಗುಣಮಟ್ಟದ ಚಿತ್ರವನ್ನು ಕೂರಿಸುತ್ತದೆ. ರೆಕಾರ್ಡರ್ ಹಾಗೂ ಕ್ಯಾಮೆರಾ ಎರಡರಲ್ಲೂ ಈ ಸೌಲಭ್ಯವಿದ್ದರೂ ಹಳೆಯ ವಿಧಾನದಲ್ಲೇ ಬಿಟ್ಟುಹೋಗುವ ಅಳವಡಿಕೆಗಾರರಿದ್ದಾರೆ. ಅದನ್ನು ಬದಲಿಸಿ ಪ್ರತಿ ಕ್ಯಾಮೆರಾಕ್ಕೆ 2 ಮೆಗಾಬಿಟ್ ಮಿತಿ ಇಟ್ಟರೆ ನಾಲ್ಕು ಕ್ಯಾಮೆರಾಗಳಿಗೆ 30 ದಿನಕ್ಕೆ ಸುಮಾರು 2,600 ಜಿಬಿ ಸಾಕು. 3 ಟಿಬಿ ಡಿಸ್ಕು ಆ ಹೊರೆಯನ್ನು ತಾಳುತ್ತದೆ. ಜನ ಹೆಚ್ಚಾಗಿ ಬಂದುಹೋಗುವ ವಾಣಿಜ್ಯ ಸಂಸ್ಥೆಗಳಿಗೆ 30 ದಿನದ ದೃಶ್ಯಾವಳಿ ಕೇವಲ ಅನುಕೂಲದ ಮಾತಲ್ಲ. ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳ) ಜಾರಿ ಅಧಿನಿಯಮ, 2017 ಅಂತಹ ಸಂಸ್ಥೆಗಳು ಅಷ್ಟು ದಿನ ಅದನ್ನು ಉಳಿಸಿಕೊಳ್ಳಬೇಕೆಂದು ವಿಧಿಸಿದೆ. ದೊಡ್ಡ ಡಿಸ್ಕು ಕೊಳ್ಳುವ ಮೊದಲು ರೆಕಾರ್ಡರ್ ಎಷ್ಟು ಟಿಬಿಯವರೆಗೆ ಗುರುತಿಸುತ್ತದೆಯೆಂದು ಅದರ ಕೈಪಿಡಿಯಲ್ಲಿ ನೋಡುವುದು ಕ್ಷೇಮ; ಹಳೆಯ ಪೆಟ್ಟಿಗೆಗಳು ದೊಡ್ಡ ಡಿಸ್ಕುಗಳನ್ನು ಗುರುತಿಸದಿರಬಹುದು.

ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ವಿಧಾನದಿಂದ ಜಾಗ ಉಳಿಯುತ್ತದೆ. ಆದರೆ ರಾತ್ರಿ ಕ್ಯಾಮೆರಾದ ಅತಿಗೆಂಪು ದೀಪಕ್ಕೆ ಮುತ್ತುವ ಹುಳಗಳು, ಮಸೂರದ ಮುಂದೆ ಜೇಡ ಕಟ್ಟಿದ ಬಲೆ, ಅಂಗಳದ ತೆಂಗಿನ ಗರಿ ಎಲ್ಲವೂ ಯಂತ್ರದ ದೃಷ್ಟಿಯಲ್ಲಿ ಚಲನೆಯೇ. ಗಲ್ಲಾಪೆಟ್ಟಿಗೆ ಮತ್ತು ಷಟರ್ ಬಾಗಿಲಿನ ಕ್ಯಾಮೆರಾಗಳಲ್ಲಿ ಎಡೆಬಿಡದ ರೆಕಾರ್ಡಿಂಗನ್ನೂ ಉಳಿದವುಗಳಲ್ಲಿ ಚಲನೆಯ ರೆಕಾರ್ಡಿಂಗನ್ನೂ ಇಟ್ಟುಕೊಳ್ಳುವುದು ವಿವೇಕದ ಹೊಂದಾಣಿಕೆ.

ಡಿಸ್ಕು ಕಾಣೆಯಾದಾಗ

ರೆಕಾರ್ಡರಿನ ಮೆನುವಿನಲ್ಲಿ ಡಿಸ್ಕಿನ ಸ್ಥಿತಿ ತೋರಿಸುವ ಪುಟವೊಂದಿರುತ್ತದೆ. ಅಲ್ಲಿ ‘ನೋ ಡಿಸ್ಕ್’ ಎಂದು ಕಂಡೊಡನೆ ಡಿಸ್ಕು ಸತ್ತಿತೆಂದು ಹೊಸದನ್ನು ತರಲು ಹೊರಡುವುದು ಅವಸರ. ಮೊದಲು ಸಂಶಯಿಸಬೇಕಾದದ್ದು ಪ್ಲಗ್ಗಿನಲ್ಲಿರುವ ಸಣ್ಣ ಅಡಾಪ್ಟರನ್ನು.

ಮೂರೂವರೆ ಅಂಗುಲದ ಹಾರ್ಡ್ ಡಿಸ್ಕಿನ ತಟ್ಟೆಗಳು ನಿಂತಲ್ಲಿಂದ ತಿರುಗಲಾರಂಭಿಸುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ; ಒಮ್ಮೆ ವೇಗ ಹಿಡಿದ ಮೇಲೆ ಅದರ ಅಲ್ಪಭಾಗ ಸಾಕು. ಎರಡು ಮೂರು ವರ್ಷ ಹಗಲಿರುಳು ದುಡಿದ ಅಡಾಪ್ಟರು ಆ ಮೊದಲ ಎಳೆತವನ್ನು ತಾಳಲಾರದೆ ವೋಲ್ಟೇಜ್ ಕುಸಿಯಲು ಬಿಡುತ್ತದೆ. ದೀಪ ಉರಿಯುತ್ತದೆ, ಪರದೆಯಲ್ಲಿ ಚಿತ್ರವೂ ಬರುತ್ತದೆ. ಡಿಸ್ಕು ಮಾತ್ರ ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ, ಇಲ್ಲವೇ ರೆಕಾರ್ಡರ್ ಮತ್ತೆ ಮತ್ತೆ ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತದೆ. ಡಿಸ್ಕೇ ಸವೆದಾಗಲೂ ಇದೇ ಸದ್ದು ಬರುವುದರಿಂದ, ಪೆಟ್ಟಿಗೆಯ ಹಿಂಬದಿಯಲ್ಲಿ ನಮೂದಿಸಿದ ವೋಲ್ಟ್ ಮತ್ತು ಆಂಪಿಯರಿನ ಒಳ್ಳೆಯ ಅಡಾಪ್ಟರನ್ನು ಮೊದಲು ಹಾಕಿ ನೋಡಬೇಕು. ಪಿನ್ ಹೊಂದಿತೆಂದು ಮನೆಯಲ್ಲಿದ್ದ ಯಾವುದೋ ಅಡಾಪ್ಟರನ್ನು ಸಿಕ್ಕಿಸುವುದು ಸಲ್ಲದು. ತೊಂದರೆ ರಾತ್ರಿ ಮಾತ್ರ ಕಾಣಿಸಿಕೊಳ್ಳುತ್ತಿದ್ದರೆ ಕ್ಯಾಮೆರಾಗಳಿಗೂ ರೆಕಾರ್ಡರಿಗೂ ಒಂದೇ ವಿದ್ಯುತ್ ಮೂಲ ಕೊಟ್ಟಿದ್ದಾರೆಯೇ ಎಂದು ಪರಿಶೀಲಿಸಬೇಕು. ಕತ್ತಲಾದೊಡನೆ ಅತಿಗೆಂಪು ದೀಪಗಳು ಹೊತ್ತಿಕೊಂಡು ಹೊರೆ ಏರುತ್ತದೆ. ಡಿಸ್ಕಿನ ಪಾಲು ಕಡಿಮೆಯಾಗುತ್ತದೆ.

ಅಡಾಪ್ಟರಿನ ನಂತರ ಒಳಗಿನ ಕೇಬಲ್. ವಿದ್ಯುತ್ ಸಂಪರ್ಕ ತೆಗೆದು, ಪೆಟ್ಟಿಗೆ ತೆರೆದು, ಡಿಸ್ಕಿಗೆ ಹೋಗುವ ಎರಡೂ ಕೇಬಲ್ಲುಗಳನ್ನು ಬಿಚ್ಚಿ ಮತ್ತೆ ಕೂರಿಸಿದರೆ ಎಷ್ಟೋ ಬಾರಿ ಕೆಲಸ ಮುಗಿಯುತ್ತದೆ. ಇವೆರಡೂ ಸರಿಯಿದ್ದು ಡಿಸ್ಕು ಕಾಣದಿದ್ದರೆ ಮಾತ್ರ ಡಿಸ್ಕಿನ ಮೇಲೆ ದೋಷ ಹೊರಿಸಬಹುದು. ಡಿಸ್ಕು ಕಂಡರೂ ‘ಎರರ್’ ಎಂದು ಬರುತ್ತಿದ್ದರೆ ‘ಸ್ಮಾರ್ಟ್’ ಎಂಬ ಆರೋಗ್ಯಪಟ್ಟಿಯಲ್ಲಿ ಕೆಟ್ಟು ಬದಲಿಯಾದ ಸೆಕ್ಟರುಗಳ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದೆಯೇ ಎಂದು ನೋಡಬೇಕು. ಏರುತ್ತಿದ್ದರೆ ಆ ಡಿಸ್ಕಿಗೆ ಫಾರ್ಮ್ಯಾಟ್ ಮದ್ದಲ್ಲ.

ಫಾರ್ಮ್ಯಾಟಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಳವು ನಡೆದ ಮೇಲೆ ರೆಕಾರ್ಡರ್ ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಒಪ್ಪಿಗೆ ಕೊಡಬಾರದು. ಡಿಸ್ಕನ್ನು ತೆಗೆದು ಕಂಪ್ಯೂಟರಿಗೆ ಜೋಡಿಸಿದಾಗ ವಿಂಡೋಸ್ ಕೂಡ ಅದೇ ಪ್ರಶ್ನೆ ಕೇಳುತ್ತದೆ, ಏಕೆಂದರೆ ಬಹಳಷ್ಟು ರೆಕಾರ್ಡರುಗಳು ತಮ್ಮದೇ ಕಡತ ವ್ಯವಸ್ಥೆಯನ್ನು ಬಳಸುತ್ತವೆ ಮತ್ತು ವಿಂಡೋಸಿಗೆ ಅದು ಖಾಲಿ ಡಿಸ್ಕಿನಂತೆ ಕಾಣುತ್ತದೆ. ಹಳೆಯ ದೃಶ್ಯದ ಮೇಲೆ ಹೊಸದು ಬರೆಯಲ್ಪಟ್ಟರೆ ಅದನ್ನು ಮರಳಿ ಪಡೆಯುವ ಉಪಾಯವಿಲ್ಲ. ಆದ್ದರಿಂದ ಅಗತ್ಯ ದೃಶ್ಯ ಸಿಗುತ್ತಿದ್ದರೆ ಕೂಡಲೇ ಪ್ರತಿ ತೆಗೆದುಕೊಳ್ಳುವುದು, ಸಿಗದಿದ್ದರೆ ರೆಕಾರ್ಡರನ್ನು ಕ್ರಮಬದ್ಧವಾಗಿ ನಿಲ್ಲಿಸಿ ಪರಿಣತರಿಗೆ ಒಪ್ಪಿಸುವುದು ಸರಿಯಾದ ಕ್ರಮ.

ದೃಶ್ಯವಿದೆ, ತಾರೀಖು ಬೇರೆ

ಇನ್ನೊಂದು ಬಗೆಯ ತೊಂದರೆಯಲ್ಲಿ ದೃಶ್ಯಾವಳಿ ಎಲ್ಲಿಯೂ ಹೋಗಿರುವುದಿಲ್ಲ. ರೆಕಾರ್ಡರಿನ ಒಳಗೆ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿಯೊಂದು ಗಡಿಯಾರವನ್ನು ಕಾಪಾಡುತ್ತದೆ. ಸಿಆರ್2032 ಎಂಬ ಹೆಸರಿನ ಇದು ವಾಚಿನ ಅಂಗಡಿಯಲ್ಲಿಯೂ ದೊರೆಯುತ್ತದೆ. ಅದು ಬತ್ತಿದ ಮೇಲೆ ಪ್ರತಿ ಬಾರಿ ವಿದ್ಯುತ್ ಹೋಗಿ ಬಂದಾಗಲೂ ತಾರೀಖು 1970ಕ್ಕೋ 2000ಕ್ಕೋ ಮರಳುತ್ತದೆ. ನಿನ್ನೆಯ ದೃಶ್ಯವನ್ನು ನಿನ್ನೆಯ ತಾರೀಖಿನಲ್ಲಿ ಹುಡುಕಿದರೆ ಏನೂ ಇಲ್ಲ. ಜನವರಿ 1, 2000ರಲ್ಲಿ ಹುಡುಕಿದರೆ ಅಲ್ಲಿ ಕುಳಿತಿರುತ್ತದೆ. ಸಮಯವಲಯವನ್ನು ಚೀನಾದ್ದರಲ್ಲೇ ಬಿಟ್ಟಿದ್ದರೆ ಗಡಿಯಾರ ಎರಡೂವರೆ ಗಂಟೆ ಮುಂದೆ ಓಡುತ್ತಿರುತ್ತದೆ. ರಾತ್ರಿ 1 ಗಂಟೆಯ ಕಳವು 3.30ಕ್ಕೆ ನಡೆದಂತೆ ಕಾಣುತ್ತದೆ. ಸಾಕ್ಷ್ಯದ ದೃಷ್ಟಿಯಿಂದ ಇದು ಸಣ್ಣ ವ್ಯತ್ಯಾಸವಲ್ಲ.

ಸಾಕ್ಷ್ಯದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಜುಲೈ 1, 2024ರಿಂದ ಹಳೆಯ ಸಾಕ್ಷ್ಯ ಕಾಯಿದೆಯ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. ಅದರ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆಗೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ಉಪಕರಣದ ಹೊಣೆ ಹೊತ್ತವರು, ಇನ್ನೊಂದನ್ನು ತಜ್ಞರು ತುಂಬಬೇಕು. ಪರದೆಯ ಮೇಲಿನ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್ ಮಾಡಿದ ತುಣುಕು ಕಳ್ಳನ ಮುಖ ಗುರುತಿಸಲು ನೆರವಾದೀತು, ಆದರೆ ಅದನ್ನೇ ನಂಬಿ ಮೂಲವನ್ನು ಅಳಿಯಲು ಬಿಡಬಾರದು.

ಯಾವ ಡಿಸ್ಕು, ಎಲ್ಲಿ ಇಡುವುದು

ವರ್ಷಕ್ಕೆ 8,760 ಗಂಟೆ. ರೆಕಾರ್ಡರಿನ ಡಿಸ್ಕಿಗೆ ರಜೆಯಿಲ್ಲ. ಮೇಜಿನ ಕಂಪ್ಯೂಟರಿನ ಸಾಮಾನ್ಯ ಡಿಸ್ಕುಗಳನ್ನು ವರ್ಷಕ್ಕೆ ಸುಮಾರು 55 ಟಿಬಿ ಕೆಲಸಕ್ಕೆಂದು ತಯಾರಿಸಿದರೆ, ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್‌ನಂತಹ ಕಣ್ಗಾವಲು ಡಿಸ್ಕುಗಳನ್ನು 180 ಟಿಬಿಗೆ ತಯಾರಿಸುತ್ತಾರೆ. ಮೇಲೆ ಹೇಳಿದ ನಾಲ್ಕು ಕ್ಯಾಮೆರಾಗಳು 4 ಮೆಗಾಬಿಟ್ ದರದಲ್ಲಿ ವರ್ಷಕ್ಕೆ 63 ಟಿಬಿ ಬರೆಯುತ್ತವೆ. ಅಲ್ಲಿಗೆ ಸಾಮಾನ್ಯ ಡಿಸ್ಕಿನ ಮಿತಿ ಮೀರಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಹಳೆಯ ಯಂತ್ರಗಳಿಂದ ಬಿಚ್ಚಿದ ಡಿಸ್ಕುಗಳೂ ಅಗ್ಗಕ್ಕೆ ಸಿಗುತ್ತವೆ. ಅವು ಎಷ್ಟು ಗಂಟೆ ಓಡಿವೆ ಎಂಬುದು ಸ್ಮಾರ್ಟ್ ಪಟ್ಟಿಯಲ್ಲಿ ಕಾಣುತ್ತದೆ. ಹೊಸದೆಂದು ಕೊಟ್ಟ ಡಿಸ್ಕಿನಲ್ಲಿ ಇಪ್ಪತ್ತು ಸಾವಿರ ಗಂಟೆ ಕಂಡರೆ ವ್ಯಾಪಾರ ಅಲ್ಲಿಗೇ ನಿಲ್ಲಿಸುವುದು ಮೇಲು.

ಕಳ್ಳರು ರೆಕಾರ್ಡರನ್ನೇ ಹೊತ್ತೊಯ್ಯುವ ಭಯದಿಂದ ಅದನ್ನು ಬೀರುವಿನಲ್ಲಿ ಬೀಗ ಹಾಕಿಡುವವರಿದ್ದಾರೆ. ಭಯ ಸಕಾರಣವಾದುದೇ. ಆದರೆ ಗಾಳಿಯಾಡದ ಪೆಟ್ಟಿಗೆಯೊಳಗೆ, ಬಳ್ಳಾರಿ ರಾಯಚೂರಿನ ಬೇಸಿಗೆಯಲ್ಲಿ, ಡಿಸ್ಕು ಬೇಗ ಬೇಯುತ್ತದೆ. ರಂಧ್ರಗಳಿರುವ ಕಬ್ಬಿಣದ ಪೆಟ್ಟಿಗೆಯನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿದರೆ ಎರಡೂ ಉದ್ದೇಶ ಸಾಧ್ಯ. ಹಿಟ್ಟಿನ ಗಿರಣಿ, ಅರಳೆ, ಮರದ ಕೆಲಸದ ಶೆಡ್ಡುಗಳಲ್ಲಿ ಪೆಟ್ಟಿಗೆಯನ್ನು ಕಚೇರಿಯ ಕೋಣೆಯಲ್ಲೇ ಇಡಬೇಕು. ವಿದ್ಯುತ್ ಕಡಿತದ ಹೊಡೆತ ತಪ್ಪಿಸಲು ಸಣ್ಣ ಯುಪಿಎಸ್ ಅನಿವಾರ್ಯ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕಡತಗಳ ಸೂಚಿ ಹಾಳಾಗುವ ಸಂಭವವಿದೆ.

ರೆಕಾರ್ಡರ್ ಇಲ್ಲದ ವೈಫೈ ಕ್ಯಾಮೆರಾಗಳು ಮೆಮೊರಿ ಕಾರ್ಡನ್ನು ನೆಚ್ಚಿಕೊಂಡಿವೆ. ಕಾರ್ಡಿಗೆ ಇಂತಿಷ್ಟೇ ಬಾರಿ ಬರೆಯಬಹುದೆಂಬ ಮಿತಿಯಿದ್ದು, ಮೊಬೈಲಿನ ಕಾರ್ಡು ಈ ಕೆಲಸದಲ್ಲಿ ಬೇಗ ಸವೆಯುತ್ತದೆ. ಸವೆದ ಕಾರ್ಡು ಹಳೆಯ ದೃಶ್ಯಗಳನ್ನು ತೋರಿಸುತ್ತಲೇ ಇರಬಹುದು, ಹೊಸದನ್ನು ಮಾತ್ರ ಸ್ವೀಕರಿಸುವುದಿಲ್ಲ. ‘ಹೈ ಎಂಡ್ಯುರೆನ್ಸ್’ ಎಂದು ನಮೂದಿಸಿದ ಕಾರ್ಡುಗಳನ್ನೇ ಬಿಲ್ಲಿನೊಡನೆ ಕೊಳ್ಳಬೇಕು. 128 ಜಿಬಿ ಎಂದು ಅಚ್ಚಾಗಿ ಒಳಗೆ 8 ಜಿಬಿಯೂ ಇರದ ನಕಲಿ ಕಾರ್ಡುಗಳ ಕಾಟ ಮುಗಿದಿಲ್ಲ.

ವಾರ್ಷಿಕ ನಿರ್ವಹಣಾ ಒಪ್ಪಂದದ ಹೆಸರಿನಲ್ಲಿ ಬರುವ ಕೆಲಸಗಾರರು ಸಾಮಾನ್ಯವಾಗಿ ಮಸೂರ ಒರೆಸಿ, ನಾಲ್ಕೂ ಚಿತ್ರ ತೋರಿಸಿ, ಸಹಿ ಪಡೆದು ಹೊರಡುತ್ತಾರೆ. ಒಪ್ಪಂದದಲ್ಲಿ ಇನ್ನೊಂದು ಸಾಲನ್ನು ಸೇರಿಸಿಕೊಳ್ಳಲು ಖರ್ಚೇನೂ ಇಲ್ಲ: ಪ್ರತಿ ಭೇಟಿಯಲ್ಲಿಯೂ ಹಿಂದಿನ ರಾತ್ರಿ 2 ಗಂಟೆಯ ದೃಶ್ಯವನ್ನು ಪ್ರತಿ ಕ್ಯಾಮೆರಾದಿಂದ ಓಡಿಸಿ ತೋರಿಸುವುದು, ಡಿಸ್ಕಿನಲ್ಲಿ ಉಳಿದಿರುವ ಅತ್ಯಂತ ಹಳೆಯ ತಾರೀಖು ಹಾಗೂ ಗಡಿಯಾರದ ಸಮಯವನ್ನು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುವುದು. ಭೇಟಿಗಳ ನಡುವಿನ ತಿಂಗಳುಗಳಲ್ಲಿ ಇದೇ ಕೆಲಸವನ್ನು ಅಮಾವಾಸ್ಯೆಯ ಪೂಜೆಯಂತೆ ದಿನ ಗೊತ್ತುಮಾಡಿಕೊಂಡು ಅಂಗಡಿಯವರೇ ಮಾಡಬಹುದು. ಹತ್ತು ನಿಮಿಷ ಸಾಕು. ಆಫ್ ಮಾಡಿಸಿದ ಬಜರನ್ನು ಅದೇ ದಿನ ಮತ್ತೆ ಆನ್ ಮಾಡಿಸಿಕೊಳ್ಳಬಹುದು.