ಕೊನೆಯ ಸೀಟಿನ ರ‍್ಯಾಂಕ್ ಹೇಳದ ಮಾತು

ಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ, ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲೆಲ್ಲ ಹೋದ ವರ್ಷದ ಕಟ್‌ಆಫ್ ಪಟ್ಟಿ ಓಡಾಡುತ್ತಿರುತ್ತದೆ. ಯಾವ ಕಾಲೇಜಿನ ಯಾವ ವಿಭಾಗ ಎಷ್ಟನೇ ರ‍್ಯಾಂಕಿಗೆ ಮುಚ್ಚಿತು ಎಂಬುದೇ ಕಾಲೇಜಿನ ಯೋಗ್ಯತೆಯ ಅಳತೆ. ಎರಡು ಸಾವಿರಕ್ಕೆ ಮುಚ್ಚಿದ್ದು ಒಳ್ಳೆಯದು, ಇಪ್ಪತ್ತು ಸಾವಿರಕ್ಕೆ ಮುಚ್ಚಿದ್ದು ಪರವಾಗಿಲ್ಲ. ಸೀಟು ಹುಡುಕುವವರಿಗೆ ಈ ಅಂಕಿ ಬೇಕೇ ಬೇಕು. ಆದರೆ ಚೆನ್ನಾಗಿ ಓದುವ ಮಕ್ಕಳನ್ನು ಒಂದು ವಿಶ್ವವಿದ್ಯಾಲಯ ಎಷ್ಟರಮಟ್ಟಿಗೆ ಸೆಳೆಯುತ್ತಿದೆ ಎಂದು ತಿಳಿಯಲು ಹೊರಟವರಿಗೆ ಅದು ಎಷ್ಟೋ ಸಲ ದಾರಿ ತಪ್ಪಿಸುತ್ತದೆ.

ಬೆಂಗಳೂರಿನ ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜು ಯುವಿಸಿಇಯನ್ನೇ ನೋಡಿ. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಸಂಸ್ಥೆ. ದಶಕಗಳ ಕಾಲ ಬೆಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದು, 2021ರ ಕಾಯ್ದೆಯಿಂದ ತಾನೇ ಒಂದು ವಿಶ್ವವಿದ್ಯಾಲಯವಾಯಿತು. ಐಐಟಿ ಮಾದರಿಯಲ್ಲಿ ಅದನ್ನು ಬೆಳೆಸುತ್ತೇವೆಂದು ಸರ್ಕಾರ ಹೇಳಿದೆ. ಆ ಮಾತು ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ನಮಗಿದೆ. ಕೇಳುವುದಾದರೆ ಯಾವ ಅಂಕಿಯನ್ನು ಮುಂದಿಟ್ಟುಕೊಂಡು ಕೇಳಬೇಕು?

ಕಟ್‌ಆಫ್ ಎಂಬುದು ಕೊನೆಗೆ ಒಳಬಂದ ಒಬ್ಬ ವಿದ್ಯಾರ್ಥಿಯ ರ‍್ಯಾಂಕ್, ಅಷ್ಟೇ. ಅದಕ್ಕಿಂತ ಮುಂದಿದ್ದವರಿಗೆ ಬೇರೆಲ್ಲಿ ಸೀಟು ಸಿಗುತ್ತಿತ್ತು, ಅದನ್ನು ಬಿಟ್ಟು ಇಲ್ಲಿಗೆ ಬಂದರೇ, ಬೇರೆ ದಾರಿಯಿಲ್ಲದೆ ಬಂದರೇ ಎಂಬುದು ಅದರಿಂದ ತಿಳಿಯುವುದಿಲ್ಲ. ಅರವತ್ತು ಸೀಟಿನ ವಿಭಾಗವನ್ನು ನೂರಿಪ್ಪತ್ತಕ್ಕೆ ಏರಿಸಿದರೆ, ಕಾಲೇಜಿನ ಹೆಸರು ಕಿಂಚಿತ್ತೂ ಕುಂದದಿದ್ದರೂ ಕಟ್‌ಆಫ್ ಕೆಳಗಿಳಿಯುತ್ತದೆ. ಸಿವಿಲ್, ಮೆಕ್ಯಾನಿಕಲ್ ಕೈಬಿಟ್ಟು ಕಂಪ್ಯೂಟರ್ ಸೈನ್ಸನ್ನೇ ಹಲವು ಹೆಸರಲ್ಲಿ ನಡೆಸುವ ಕಾಲೇಜಿನ ಸರಾಸರಿ ರ‍್ಯಾಂಕ್ ತಾನಾಗಿಯೇ ಮೇಲೇರುತ್ತದೆ. ನೂರು ವರ್ಷಗಳಿಂದ ಸಿವಿಲ್ ಕಲಿಸಿಕೊಂಡು ಬಂದ ಸಂಸ್ಥೆಗೆ ಈ ಲೆಕ್ಕ ಅನ್ಯಾಯ ಮಾಡುತ್ತದೆ.

ಕಟ್‌ಆಫ್ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ದೆಹಲಿ ವಿಶ್ವವಿದ್ಯಾಲಯ ತೋರಿಸಿಕೊಟ್ಟಿದೆ. 2011ರಲ್ಲಿ ಅಲ್ಲಿನ ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್, ಹನ್ನೆರಡನೇ ತರಗತಿಯಲ್ಲಿ ವಾಣಿಜ್ಯ ಓದದವರಿಗೆ ಬಿ.ಕಾಂ. ಆನರ್ಸ್ ಕಟ್‌ಆಫ್ ಶೇ 100 ಎಂದು ಪ್ರಕಟಿಸಿತು. 2021ರಲ್ಲಿ ಹಲವು ಕಾಲೇಜುಗಳು ಅದೇ ನೂರಕ್ಕೆ ಬಂದು ನಿಂತವು. ಅದನ್ನು ಆಕರ್ಷಣೆಯ ತುತ್ತತುದಿ ಎಂದುಕೊಂಡವರು ಬಹಳ. ನಿಜವಾಗಿ ಅದರ ಹಿಂದಿದ್ದದ್ದು ಆತಂಕ. ಪ್ರಕಟಿಸಿದ ಅಂಕ ಪಡೆದು ಬಂದವರಿಗೆಲ್ಲ ಸೀಟು ಕೊಡಲೇಬೇಕೆಂಬ ನಿಯಮವಿತ್ತು. ಒಂದು ಅಂಕ ಇಳಿಸಿದರೆ ಎಷ್ಟು ಜನ ಬಾಗಿಲಿಗೆ ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ. 2022ರಲ್ಲಿ ಸಿಯುಇಟಿ ಪರೀಕ್ಷೆ ಬಂದ ಮೇಲೆ ಆ ಪದ್ಧತಿ ಹೋಯಿತು.

ಅಮೆರಿಕದಲ್ಲಿ ಬೇರೆ ಎರಡು ಅಂಕಿಗಳ ಮೇಲೆ ಜನರಿಗೆ ನಂಬಿಕೆ. ಅರ್ಜಿ ಹಾಕಿದ ನೂರರಲ್ಲಿ ಎಷ್ಟು ಜನರಿಗೆ ಸೀಟು ಕೊಟ್ಟರು, ಸೀಟು ಪಡೆದ ನೂರರಲ್ಲಿ ಎಷ್ಟು ಜನ ಸೇರಿದರು. ಎರಡನ್ನೂ ಬೇಕಾದಂತೆ ಬಗ್ಗಿಸಬಹುದು. ಸೀಟು ಸಿಗದವರಿಂದಲೂ ಅರ್ಜಿ ಹಾಕಿಸಿದರೆ ಮೊದಲನೆಯದು ಚೆಂದ ಕಾಣುತ್ತದೆ. ಸೇರುತ್ತೇನೆಂದು ಮೊದಲೇ ಮುಚ್ಚಳಿಕೆ ಕೊಟ್ಟವರಿಂದ ಸೀಟು ತುಂಬಿಸಿಕೊಂಡರೆ ಎರಡನೆಯದು ಮೇಲೇರುತ್ತದೆ. ಇದಕ್ಕೆ ಬೇಸತ್ತು ಕ್ರಿಸ್ಟಫರ್ ಏವರಿ, ಮಾರ್ಕ್ ಗ್ಲಿಕ್‌ಮನ್, ಕ್ಯಾರೊಲಿನ್ ಹಾಕ್ಸ್‌ಬಿ, ಆಂಡ್ರ್ಯೂ ಮೆಟ್ರಿಕ್ ಎಂಬ ನಾಲ್ವರು ಇನ್ನೊಂದು ದಾರಿ ಹುಡುಕಿದರು. ಇವರಲ್ಲಿ ಗ್ಲಿಕ್‌ಮನ್, ಚೆಸ್ ಆಟಗಾರರ ಬಲವನ್ನು ಅಳೆಯುವ ಗ್ಲಿಕೊ ಪದ್ಧತಿಯನ್ನು ರೂಪಿಸಿದ ಸಂಖ್ಯಾಶಾಸ್ತ್ರಜ್ಞ. ಒಬ್ಬ ವಿದ್ಯಾರ್ಥಿನಿಗೆ ಮೂರು ಕಡೆ ಸೀಟು ಸಿಕ್ಕಿ, ಆಕೆ ಒಂದನ್ನು ಆರಿಸಿದರೆ, ಆ ವಿಶ್ವವಿದ್ಯಾಲಯ ಉಳಿದೆರಡರ ಎದುರು ಪಂದ್ಯ ಗೆದ್ದಂತೆ. ಚೆನ್ನಾಗಿ ಓದುವ 3,240 ವಿದ್ಯಾರ್ಥಿಗಳ ಆಯ್ಕೆಗಳನ್ನು ಹೀಗೆ ಪಂದ್ಯಗಳಾಗಿ ಎಣಿಸಿ ಅವರು ಪಟ್ಟಿ ಮಾಡಿದರು. ಶುಲ್ಕ, ಸಹಾಯಧನ, ಮನೆಯಿಂದ ಇರುವ ದೂರ ಇವುಗಳ ಪ್ರಭಾವವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. 2013ರಲ್ಲಿ ಅದು ಅರ್ಥಶಾಸ್ತ್ರದ ಹೆಸರಾಂತ ಪತ್ರಿಕೆಯಲ್ಲಿ ಪ್ರಕಟವಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಅವರು ಶಾಲೆಗಳ ಮೂಲಕ ಪ್ರಶ್ನಾವಳಿ ಕಳಿಸಿ ಕೂಡಿಹಾಕಿದ ಮಾಹಿತಿ ನಮ್ಮಲ್ಲಿ ಪ್ರತಿ ವರ್ಷ ತಾನಾಗಿಯೇ ಜಮೆಯಾಗುತ್ತದೆ. ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮಲ್ಲೇಶ್ವರದ ಕಚೇರಿಗೆ ಬರುವ ಒಂದೊಂದು ಆಪ್ಷನ್ ಎಂಟ್ರಿಯೂ ಒಂದು ಮಗುವಿನ ಮನಸ್ಸಿನ ಕ್ರಮ. ಇದು ಮೊದಲು, ಅದು ಆಮೇಲೆ, ಅದೂ ಸಿಗದಿದ್ದರೆ ಇನ್ನೊಂದು ಎಂದು ಮನೆಮಂದಿಯೆಲ್ಲ ಕೂತು ಚರ್ಚಿಸಿ ಬರೆದದ್ದು. ಸೀಟು ರ‍್ಯಾಂಕಿನ ಕ್ರಮದಲ್ಲೇ ಹಂಚಿಕೆಯಾಗುವುದರಿಂದ ನಿಜವಾದ ಆಸೆಯನ್ನು ಮೊದಲು ಬರೆದರೆ ನಷ್ಟವೇನಿಲ್ಲ. ಆ ಕಾರಣಕ್ಕೇ ಈ ಪಟ್ಟಿಯನ್ನು ನಂಬಬಹುದು. ಸೀಟು ಬಂದ ಮೇಲಿನ ನಡೆಗಳೂ ದಾಖಲಾಗುತ್ತವೆ. ಒಪ್ಪಿ ಸೇರಿದವರು ಛಾಯ್ಸ್ 1, ಸೀಟು ಇಟ್ಟುಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವವರು ಛಾಯ್ಸ್ 2, ಇದು ಬೇಡ ಎಂದು ಮುಂದಿನ ಸುತ್ತಿಗೆ ಹೋಗುವವರು ಛಾಯ್ಸ್ 3, ಪೂರ್ತಿ ಹೊರನಡೆಯುವವರು ಛಾಯ್ಸ್ 4. ಒಂದು ವಿಭಾಗದಲ್ಲಿ ಮೊದಲ ಸುತ್ತಿನಲ್ಲೇ ಛಾಯ್ಸ್ 1 ಒತ್ತಿದವರು ಎಷ್ಟು ಎಂಬ ಒಂದೇ ಅಂಕಿ ಕಟ್‌ಆಫ್‌ಗಿಂತ ಹೆಚ್ಚು ಹೇಳುತ್ತದೆ.

ಯುವಿಸಿಇಯ ಮಟ್ಟಿಗೆ ನಾನು ಕೇಳಬಯಸುವ ಪ್ರಶ್ನೆಗಳು ಸರಳ. ಹೆಸರುವಾಸಿ ಖಾಸಗಿ ಕಾಲೇಜಿನಲ್ಲಿ ಅದೇ ವಿಭಾಗ ಸಿಗುತ್ತಿದ್ದರೂ ಕೆ.ಆರ್. ವೃತ್ತಕ್ಕೆ ಬಂದವರೆಷ್ಟು? ಬೇರೆಡೆ ಕಂಪ್ಯೂಟರ್ ಸೈನ್ಸ್ ಸಿಗುತ್ತಿದ್ದರೂ ಇಲ್ಲಿನ ಸಿವಿಲ್ ಹಿಡಿದವರೆಷ್ಟು? ಎರಡನೆಯದು ಕಷ್ಟದ ಪರೀಕ್ಷೆ. ಅದರಲ್ಲಿ ಗೆದ್ದ ಸಂಸ್ಥೆ ವಿಭಾಗದ ಬಲದಿಂದಲ್ಲ, ತನ್ನ ಬಲದಿಂದಲೇ ಸೆಳೆಯುತ್ತಿದೆ ಎನ್ನಬಹುದು. ಸರ್ಕಾರಿ ಶುಲ್ಕ ಕಡಿಮೆ ಎಂಬ ಕಾರಣಕ್ಕೆ ಬಂದವರನ್ನು ಬೇರೆಯಾಗಿ ಎಣಿಸಬೇಕು, ಆದರೆ ಕೀಳಾಗಿ ಕಾಣಬಾರದು. ಕಡಿಮೆ ಶುಲ್ಕದಲ್ಲಿ ಜಾಣ ಮಕ್ಕಳಿಗೆ ಜಾಗ ಕೊಡುವುದು ಸರ್ಕಾರಿ ವಿಶ್ವವಿದ್ಯಾಲಯದ ಕೆಲಸವೇ ಹೌದು.

ಇಷ್ಟೆಲ್ಲ ಎಣಿಸಿದರೂ ಲೆಕ್ಕಕ್ಕೆ ಸಿಗದ ಮಕ್ಕಳಿದ್ದಾರೆ. ಆಪ್ಷನ್ ಪಟ್ಟಿಯಲ್ಲಿ ಸಂಸ್ಥೆಯ ಹೆಸರನ್ನೇ ಬರೆಯದೇ ಉಳಿದವರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಡೈನಾರ್‌ಸ್ಕಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಆ ರಾಜ್ಯದ ಬಡ ಕುಟುಂಬಗಳ ಜಾಣ ವಿದ್ಯಾರ್ಥಿಗಳಿಗೆ ಒಂದು ಪತ್ರ ಹೋಯಿತು: ನಿನಗೆ ಪ್ರವೇಶ ಸಿಕ್ಕಿದರೆ ನಾಲ್ಕು ವರ್ಷವೂ ಬೋಧನಾ ಶುಲ್ಕವಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಅಷ್ಟು ಸಹಾಯ ಮೊದಲಿನಿಂದಲೂ ಸಿಗುತ್ತಿತ್ತು. ಪತ್ರ ಅದನ್ನು ಖಚಿತವಾಗಿ, ಮುಂಚಿತವಾಗಿ ಹೇಳಿತು, ಅಷ್ಟೇ. ಪತ್ರ ಬಂದವರಲ್ಲಿ ಶೇ 68ರಷ್ಟು ಮಂದಿ ಅರ್ಜಿ ಹಾಕಿದರು, ಬಾರದವರಲ್ಲಿ ಶೇ 26. ಸೇರಿದವರು ಶೇ 27 ಮತ್ತು ಶೇ 12. ಆ ಮಕ್ಕಳ ಜಾಣತನ ಮೊದಲೂ ಅಷ್ಟೇ ಇತ್ತು.

ನಮ್ಮ ಐಐಟಿಗಳೂ ಇಂಥ ಗೈರುಹಾಜರಿಯನ್ನು ಎಣಿಸಿ ಕಣ್ತೆರೆದವು. ಹುಡುಗಿಯರು ಬರುತ್ತಿಲ್ಲ ಎಂಬುದನ್ನು ಒಪ್ಪಿ, 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟು ಸೃಷ್ಟಿಸಿದವು. ಮೊದಲ ವರ್ಷ ಶೇ 14, ಮರುವರ್ಷ 17, 2020ಕ್ಕೆ 20 ಎಂದು ಗುರಿ ಇಟ್ಟುಕೊಂಡವು.

ಯಾದಗಿರಿ, ರಾಯಚೂರು, ಚಾಮರಾಜನಗರದ ಮೇಲ್ದರ್ಜೆಯ ರ‍್ಯಾಂಕಿನ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಯುವಿಸಿಇಯನ್ನು ಆಪ್ಷನ್‌ನಲ್ಲಿ ಬರೆಯಲೇ ಇಲ್ಲ? ಹಾಸ್ಟೆಲ್ ಖಚಿತವಿಲ್ಲ ಎಂದೇ, ಬೆಂಗಳೂರಿನ ಖರ್ಚಿಗೆ ಹೆದರಿಯೇ, ಹೇಳುವವರೇ ಇರಲಿಲ್ಲವೇ? ಕಾರಣ ತಿಳಿಯಲು ಊರಿಗೆ ಹೋಗಿ ಕೇಳಬೇಕು. ಸಂಖ್ಯೆಯನ್ನು ಮಾತ್ರ ಇದ್ದ ದಾಖಲೆಯಿಂದಲೇ ತೆಗೆಯಬಹುದು. ಕೆಇಎ ಪ್ರತಿ ವರ್ಷ ಕಟ್‌ಆಫ್ ಪಟ್ಟಿಯ ಜೊತೆಗೆ, ಯಾರ ಹೆಸರೂ ಹೊರಬೀಳದಂತೆ, ಇನ್ನೆರಡು ಕಾಲಂ ಸೇರಿಸಲಿ: ಈ ಸೀಟಿಗಾಗಿ ಮಕ್ಕಳು ಬಿಟ್ಟುಬಂದ ಸೀಟು ಯಾವುದು, ಈ ಸೀಟು ಸಿಗುವಂತಿದ್ದರೂ ಅದನ್ನು ಕೇಳದೇ ಹೋದವರು ಯಾವ ಜಿಲ್ಲೆಯವರು. ಯುವಿಸಿಇಯ ಆಡಳಿತ ಮಂಡಳಿ ಆ ಎರಡನೇ ಕಾಲಂ ಹಿಡಿದುಕೊಂಡು ಮೇ ತಿಂಗಳಲ್ಲೇ ಆ ಜಿಲ್ಲೆಗಳ ಪಿಯು ಕಾಲೇಜುಗಳಿಗೆ ಪತ್ರ ಬರೆಯಬಹುದು. ಶುಲ್ಕ ಇಷ್ಟು, ಹಾಸ್ಟೆಲ್ ಇಂಥಲ್ಲಿ, ಬಂದರೆ ಕೋಣೆ ಖಾತ್ರಿ ಎಂದು.