ಗೆಜ್ಜೆ ಕಟ್ಟಿದವಳಿಗೂ ಮನೆಯುಂಟು

ಚಲನಚಿತ್ರದ ನರ್ತಕಿಗೆ ಸಾಮಾನ್ಯವಾಗಿ ಮನೆಯೆಂಬುದಿಲ್ಲ. ಬಣ್ಣದ ದೀಪಗಳು ಬೆಳಗುತ್ತವೆ, ಕ್ಯಾಬರೆಯ ವಾದ್ಯ ಮೊಳಗುತ್ತದೆ, ಆಕೆ ಕುಣಿಯುತ್ತಾಳೆ; ಹಾಡು ಮುಗಿಯಿತೆಂದರೆ ಅವಳ ಸುದ್ದಿಯೂ ಮುಗಿಯಿತು. ರಾಮನಗರದ ಬಂಡೆಗಳ ನಡುವೆ ಬಹುಭಾಗ ಚಿತ್ರಿತವಾದ 1975ರ 'ಶೋಲೆ'ಯಲ್ಲಿ ಹೆಲೆನ್ ಕುಣಿದುದನ್ನು ಬಲ್ಲವರು ಅಸಂಖ್ಯ. ಆ ಹೆಣ್ಣು ಯಾರ ಮಗಳೆಂದು ಕೇಳಿದವರುಂಟೆ?

ಕನ್ನಡ ಚಿತ್ರವೊಂದು ಅಂತಹ ಪ್ರಶ್ನೆಯನ್ನು ಆರು ವರ್ಷ ಮೊದಲೇ ಕೇಳಿತ್ತು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ 'ಗೆಜ್ಜೆ ಪೂಜೆ' 1969ರ ಚಿತ್ರ. ಇಂದು ನಗರಗಳ ನೃತ್ಯಶಾಲೆಗಳಲ್ಲಿ ಗೆಜ್ಜೆ ಪೂಜೆಯೆಂದರೆ ಆಹ್ವಾನಪತ್ರಿಕೆ ಹಂಚಿ ಬಂಧುಮಿತ್ರರನ್ನು ಕರೆಯುವ ಸಂಭ್ರಮ. ಇಂದಿರಾ ಅವರ ಕಥೆಯಲ್ಲಾದರೋ ಅದು ಹುಡುಗಿಯೊಬ್ಬಳನ್ನು ಕುಲವೃತ್ತಿಗೆ ಒಪ್ಪಿಸುವ ವಿಧಿ. ಅದಾದ ಮೇಲೆ ಅವಳ ಕೊರಳಿಗೆ ತಾಳಿ ಬೀಳುವಂತಿಲ್ಲ.

ಲೀಲಾವತಿಯವರು ಅಭಿನಯಿಸಿದ ಅಪರ್ಣಾ ವೇಶ್ಯೆಯ ಮನೆಯಲ್ಲಿ ಬೆಳೆದವಳು. ಆಕೆಯ ಮಗಳು ಚಂದ್ರಾ, ಅಂದರೆ ಕಲ್ಪನಾ, ಬಯಸುವುದು ಅತಿ ಸಾಮಾನ್ಯವಾದುದನ್ನು: ಗಂಡ, ಮನೆ, ಬಾಗಿಲಿಗೊಂದು ರಂಗೋಲಿ. ಪ್ರೀತಿಸುವ ತರುಣನೂ (ಗಂಗಾಧರ್) ದೊರೆಯುತ್ತಾನೆ. ಆಗ ಎದುರಾಗುವವನು ಅವಳ ತಂದೆ. ಸಮಾಜದಲ್ಲಿ ಗಣ್ಯನಾದ ಅವನು ತನ್ನ ಪಿತೃತ್ವ ಬಯಲಾಗಬಾರದೆಂದು ಬಯಸುತ್ತಾನೆ. ಮಗಳು ಅವನೊಡನಿರುವುದನ್ನು ಕಂಡ ಪ್ರಿಯಕರನಿಗೆ ಅವಳ ಶೀಲದಲ್ಲೇ ಶಂಕೆ ಹುಟ್ಟುತ್ತದೆ.

ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಆ ಒಂದು ಮಾತಿನಿಂದ ತಂದೆಯ ಸಂಸಾರ ಮುರಿಯುವುದಷ್ಟೆ! ಮರ್ಯಾದಸ್ಥನ ಗುಟ್ಟನ್ನು ಕಾಯುವ ಹೊಣೆ, ಲೋಕ ಮರ್ಯಾದೆಯನ್ನೇ ಕೊಡದ ಹುಡುಗಿಯ ಮೇಲೆ ಬಿದ್ದಿದೆ. ಕಣ್ಣೀರು, ವಿಜಯಭಾಸ್ಕರರ ಸಂಗೀತ, ಭಾವೋದ್ರೇಕ ಎಲ್ಲವೂ ಧಾರಾಳವಾಗಿರುವ ಈ ಚಿತ್ರದಲ್ಲಿ ಕಥೆಯ ಈ ಗಂಟು ಮಾತ್ರ ಕೃತಕವಾದುದಲ್ಲ.

ಕೊನೆಗೆ ಚಂದ್ರಾ ಗೆಜ್ಜೆ ಪೂಜೆಗೆ ಒಪ್ಪುತ್ತಾಳೆ, ಅದೇ ದಿನ ಸಾವನ್ನೂ ತಂದುಕೊಳ್ಳುತ್ತಾಳೆ. ಈ ಮುಕ್ತಾಯವನ್ನು ಮೆಚ್ಚುವುದು ಕಷ್ಟ. ಪ್ರೇಕ್ಷಕರು ಕರವಸ್ತ್ರ ಒದ್ದೆ ಮಾಡಿಕೊಂಡು ಹೊರಬರಬಹುದು. ಅಂಥವಳನ್ನು ತಮ್ಮ ಮನೆಗೆ ಸೊಸೆಯಾಗಿ ತಂದುಕೊಳ್ಳುವರೇ ಎಂಬುದಕ್ಕೆ ಉತ್ತರ ಹೇಳಬೇಕಾದ ಸಂಕಟ ಅವರಿಗುಳಿಯುವುದಿಲ್ಲ. ಸತ್ತವಳ ಮೇಲೆ ಕರುಣೆ ತೋರುವುದು ಸುಲಭ.

ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಇದು ಕನ್ನಡದ ಅತ್ಯುತ್ತಮ ಚಿತ್ರವೆನಿಸಿತು. ಚಿತ್ರಕಥೆಗಾಗಿ ಪುಟ್ಟಣ್ಣನವರಿಗೂ ಪ್ರಶಸ್ತಿ ಸಂದಿತು. ಆರತಿಯವರು ಬೆಳ್ಳಿತೆರೆಗೆ ಬಂದುದೂ ಇದರಿಂದಲೇ. ಕಥೆ 1971ರಲ್ಲಿ ತೆಲುಗಿನ 'ಕಲ್ಯಾಣ ಮಂಟಪಂ' ಆಯಿತು, 1981ರಲ್ಲಿ ಹಿಂದಿಯ 'ಆಹಿಸ್ತಾ ಆಹಿಸ್ತಾ' ಆಯಿತು. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಅರ್ಪಿಸುವುದನ್ನು ನಿಷೇಧಿಸುವ ಕರ್ನಾಟಕದ ಕಾನೂನು 1982ರದು. ಚಂದ್ರಾ ತೆರೆಯ ಮೇಲೆ ಗೆಜ್ಜೆ ಕಟ್ಟಿ ಆಗಲೇ ಹದಿಮೂರು ವರ್ಷಗಳಾಗಿದ್ದುವು.